‘ಪಾಪದವರು’ ಅಂದರೆ ಬಡವರೋ, ಪಾಪ ಮಾಡಿದವರೋ?

ಕಾಫಿಹೂ:
ಮಳೆಗಾಲಕ್ಕೆ ಮುಂಚೆ ಕಂಬಳಿ ಹಂಚುವ ಕರಪತ್ರದಲ್ಲಿ ‘ಊರಿನ ಪಾಪದವರಿಗೆ’ ಎಂದು ಬರೆದಾಗಿದೆ. ಮಡಿಕೇರಿ, ಸಂಪಾಜೆ ಕಡೆ ಇದು ಯಾರಿಗೂ ತೊಡಕಲ್ಲ. ಆದರೆ ಅದೇ ಪತ್ರ ಮೈಸೂರಿನ ದಾನಿಗಳಿಗೂ ಹೋಗಬೇಕು. ಅವರು ‘ಪಾಪಿಗಳು’ ಎಂದು ಓದಿಕೊಂಡರೆ? ‘ಬಡವರು’ ಎಂದು ತಿದ್ದಲೇ?

ಗಡಿಭಾಷೆ:
ಪಾಪಿ ಬೇರೆ, ಪಾಪದವ ಬೇರೆ. ‘ಅಯ್ಯೋ ಪಾಪ’ ಅನ್ನುವಾಗ ಇರುವ ಕನಿಕರವೇ ‘ಪಾಪದವ’ದಲ್ಲೂ ಇರುವುದು. ‘ಪಾಪದ ದುಡ್ಡು’ ಅಂದರೆ ಅನ್ಯಾಯದ್ದು, ‘ಪಾಪದ ದನ’ ಅಂದರೆ ಹಾಯದ್ದು. ಜೀವವಿರುವುದರ ಮುಂದೆ ಬಂದರೆ ಸಾಮಾನ್ಯವಾಗಿ ಕನಿಕರದ ಅರ್ಥವೇ.

ಮನುಷ್ಯರ ವಿಷಯದಲ್ಲಿ ಮತ್ತೆ ಎರಡು ಕವಲು. ‘ಆ ಹುಡುಗ ತುಂಬ ಪಾಪದವ’ ಅಂದರೆ ಸಾಧು, ಕಪಟ ತಿಳಿಯದವ. ಅವನ ಮನೆಯಲ್ಲಿ ಹತ್ತು ಎಕರೆ ತೋಟ ಇರಬಹುದು. ‘ಪಾಪದವರ ಮನೆ’, ‘ಪಾಪದವರಿಗೆ ಕೊಡಿ’ ಅಂದರೆ ಬಡವರು. ಒಬ್ಬನ ಬಗ್ಗೆ ಹೇಳುವಾಗ ಹೆಚ್ಚಾಗಿ ಸ್ವಭಾವ, ಗುಂಪಿನ ಬಗ್ಗೆ ಹೇಳುವಾಗ ಹೆಚ್ಚಾಗಿ ಬಡತನ.

ನೆರೆಭಾಷೆಗಳಲ್ಲೂ ಹೀಗೇ ಇದೆ. ತುಳುವಿನ ‘ಪಾಪದಕುಲು’, ಮಲಯಾಳದ ‘ಪಾವಂ’ ಎರಡರಲ್ಲೂ ಬಡತನ, ಸಾಧುತನ ಜೊತೆಗಿವೆ. ಕರಾವಳಿ ಕನ್ನಡದಲ್ಲೂ ಈ ಬಳಕೆ ಗಟ್ಟಿಯಾಗಿದೆ. ಘಟ್ಟದ ಮೂಡಣಕ್ಕೆ ಹೋದಷ್ಟೂ ‘ಬಡವರು’, ‘ಬಡಪಾಯಿ’. ಹಾಗಾಗಿ ಮೈಸೂರಿಗೆ ಹೋಗುವ ಪ್ರತಿಯಲ್ಲಿ ತಿದ್ದಿ, ಊರಿನ ಪ್ರತಿಯಲ್ಲಿ ಇರಲಿ.

ಹಳೆಅಕ್ಷರ:
‘ಬಡವ’ ಕೂಡ ಬರೀ ಹಣದ ಮಾತಲ್ಲ. ‘ಜ್ವರದಿಂದ ಬಡವಾಗಿದ್ದಾನೆ’ ಅಂದರೆ ಸೊರಗಿದ್ದಾನೆ. ಬಡಕಲು ದೇಹ ಅನ್ನುವುದೂ ಅದೇ ಬಳಗದ್ದು. ತುಳುವಿನಲ್ಲಿ ‘ಬಡವು’ ಅಂದರೆ ಹಸಿವು.

ಅರ್ಜಿಬರಹ:
ಕಚೇರಿಗೆ ಕೊಡುವ ಪಟ್ಟಿಯಲ್ಲಿ ಈ ಎರಡೂ ಪದ ಸಾಲವು. ಅಲ್ಲಿ ಕೇಳುವುದು ಪಡಿತರ ಚೀಟಿಯ ಬಗೆ: ‘ಅಂತ್ಯೋದಯ’ ಅಥವಾ ‘ಆದ್ಯತಾ ಕುಟುಂಬ’. 2013ರ ಆಹಾರ ಭದ್ರತಾ ಕಾಯ್ದೆಯಂತೆ ಮೊದಲನೆಯದಕ್ಕೆ ಕುಟುಂಬಕ್ಕೆ ತಿಂಗಳಿಗೆ 35 ಕಿಲೋ ಧಾನ್ಯ, ಎರಡನೆಯದಕ್ಕೆ ತಲೆಗೆ 5 ಕಿಲೋ. ‘ಬಡವರು’ ಎಂದಷ್ಟೇ ಬರೆದರೆ ಯಾವ ಚೀಟಿಯವರು ಅಂತ ಪಟ್ಟಿ ವಾಪಸು ಬರುತ್ತದೆ. ಲೈನ್‌ಮನೆಯವರನ್ನು, ಅಂದರೆ ತೋಟದ ಸಾಲುಮನೆಗಳಲ್ಲಿ ಇರುವ ಕೆಲಸಗಾರರನ್ನು, ‘ತೋಟದ ಕಾರ್ಮಿಕರು’ ಎಂದೇ ಬರೆಯಿರಿ. ಚೀಟಿ ಇಲ್ಲದವರಿದ್ದರೆ ಅದನ್ನು ಬೇರೆ ಕಲಂನಲ್ಲಿ ತೋರಿಸಿ.

ಗಡಿಭಾಷೆ:
ಇನ್ನೊಂದು, ಕಾಫಿಹೂ ಅವರೇ. ‘ನಾವು ಪಾಪದವರು ಸಾರ್’ ಎಂದು ಜನ ತಾವೇ ಹೇಳಿಕೊಳ್ಳುತ್ತಾರೆ. ಎದುರಿಗಿದ್ದವರಿಗೆ ‘ನೀವು ಪಾಪದವರಲ್ಲವಾ’ ಅಂದರೆ ಚುಚ್ಚುತ್ತದೆ. ಹಂಚುವ ದಿನ ಮೈಕಿನಲ್ಲಿ ‘ಕಂಬಳಿ ಬೇಕಾದವರು ಹೆಸರು ಬರೆಸಿ’ ಅನ್ನಿ, ಸಾಕು.