ದೇವಿಮನೆ ಘಟ್ಟ ಏರುವಾಗ ಮಾತ್ರ ಕುದಿಯುವ ಹಳೆಯ ಡೀಸೆಲ್ ಕಾರು: ಎಂಜಿನ್ ಬಿಚ್ಚಿಸಬೇಕೇ?

ಘಟ್ಟದ ಮೇಲಿನವ, ಶಿರಸಿ:

ಮೂರು ವಾರದ ಹಿಂದೆ ಕಾರವಾರದಲ್ಲಿ ಹತ್ತು ವರ್ಷ ಹಳೆಯ ಡೀಸೆಲ್ ಕಾರು ಕೊಂಡೆ. ಓಡಿದ್ದು 94,000 ಕಿಲೋಮೀಟರ್, ಕೊಟ್ಟದ್ದು 2,60,000 ರೂಪಾಯಿ. ಕೊಳ್ಳುವ ಮುನ್ನ ಅಂಕೋಲೆಯವರೆಗೆ ಓಡಿಸಿಯೂ ನೋಡಿದ್ದೆ, ಒಂದು ಕೊಂಕು ಕಾಣಲಿಲ್ಲ. ಘಟ್ಟದ ಮೇಲೆ ಮನೆ ಇಟ್ಟುಕೊಂಡು ಕಾರನ್ನು ಘಟ್ಟ ಹತ್ತಿಸಿ ನೋಡಲಿಲ್ಲವಲ್ಲ ಎಂದು ಈಗ ಅನ್ನಿಸುತ್ತಿದೆ.

ಕುಮಟಾದಿಂದ ಹೊರಟರೆ ಕತಗಾಲದವರೆಗೆ ತಕರಾರಿಲ್ಲ. ಬಿಸಿ ತೋರಿಸುವ ಮುಳ್ಳು ಕಾಲು ಭಾಗವನ್ನೂ ದಾಟುವುದಿಲ್ಲ. ಘಟ್ಟ ಶುರುವಾಗಿ ಏಳೆಂಟು ತಿರುವು ಕಳೆಯುವುದರೊಳಗೆ ಅದೇ ಮುಳ್ಳು ಕೆಂಪು ಗೆರೆ ಮುಟ್ಟುತ್ತದೆ. ಕಳೆದ ಭಾನುವಾರ ದೇವಿಮನೆಯಲ್ಲಿ ಮುಕ್ಕಾಲು ಗಂಟೆ ನಿಲ್ಲಿಸಿ ಕಾದೆವು. ಹೆಂಡತಿ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮೊದಲ ಗ್ಯಾರೇಜಿನವರು ಆಯಿಲ್ ಮುಚ್ಚಳದ ಒಳಗೆ ಅಂಟಿದ್ದ ಕೆನೆಯಂಥದ್ದನ್ನು ತೋರಿಸಿ, ಎಂಜಿನ್ನಿನೊಳಗೆ ನೀರು, ಆಯಿಲ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿದೆ, 35,000 ಎಂದರು. ಎರಡನೆಯವರು ಎಂಜಿನ್ ಚಾಲೂ ಇಟ್ಟು ಅದೇ ಮುಚ್ಚಳ ತೆಗೆದು, ಹೊಗೆ ನೋಡಿ, ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದೆ, ಎಂಜಿನ್ ಇಳಿಸಬೇಕು, 70,000 ಎಂದರು. ಯಾರನ್ನು ನಂಬಲಿ?

ಹಳೆ ಸ್ಪಾನರ್, ಕುಮಟಾ:

ಇಬ್ಬರಿಗೂ ಮುಂಗಡ ಕೊಡಬೇಡಿ ಮಾರಾಯರೇ. ಒಂದೇ ಮುಚ್ಚಳ ನೋಡಿ ಇಬ್ಬರು ಎರಡು ರೋಗ ಹೇಳಿದ್ದಾರೆ.

ಮಳೆಗಾಲದಲ್ಲಿ ಪೇಟೆಯೊಳಗೇ ಓಡುವ ಕಾರಿನ ಮುಚ್ಚಳದಡಿ ತೇವ ಕೂತು ಕೆನೆಗಟ್ಟುವುದುಂಟು. ಡಿಪ್‌ಸ್ಟಿಕ್ ಎಳೆದು ನೋಡಿ. ಅದರ ಆಯಿಲೂ ಹಾಲು ಬೆರೆಸಿದ ಕಾಫಿಯಂತಿದ್ದರೆ ಮಾತ್ರ ಚಿಂತೆ. ಇನ್ನು ಹೊಗೆ. ಡೀಸೆಲ್ ಎಂಜಿನ್ನಿನ ಮುಚ್ಚಳ ತೆಗೆದರೆ ಸ್ವಲ್ಪ ಉಗುಳಿಯೇ ಉಗುಳುತ್ತದೆ. ರಿಂಗ್ ಹೋಗಿದ್ದರೆ ಸೈಲೆನ್ಸರಿನಲ್ಲಿ ನೀಲಿ ಹೊಗೆ ಕಾಣಬೇಕು, ಆಯಿಲ್ ಇಳಿಯಬೇಕು. ಇಳಿದಿದೆಯೇ?

ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಒಂದು ಪರೀಕ್ಷೆ ಮಾಡಿ. ರೇಡಿಯೇಟರಿನ ಮೇಲಿನ ಹೋಸ್ ಪೈಪನ್ನು ಹಿಚುಕಿ ನೋಡಿ, ಮೆತ್ತಗಿರುತ್ತದೆ. ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ, ನೀರು ಬಿಸಿಯಾಗುವ ಮೊದಲೇ, ಅದು ಕಲ್ಲಿನಂತೆ ಗಟ್ಟಿಯಾದರೆ ಸಿಲಿಂಡರಿನ ಗಾಳಿ ನೀರಿಗೆ ನುಗ್ಗುತ್ತಿದೆ ಎಂದರ್ಥ. ಆಗ ಗ್ಯಾಸ್ಕೆಟ್ ಮಾತು ನಿಜ. ಬಿಸಿ ಇರುವಾಗ ಮಾತ್ರ ರೇಡಿಯೇಟರಿನ ಮುಚ್ಚಳ ಮುಟ್ಟಬೇಡಿ. ಒತ್ತಡದಲ್ಲಿ ಆ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ, ತೆಗೆದ ಕ್ಷಣ ಮುಖಕ್ಕೆ ಹಾರುತ್ತದೆ. ನನ್ನ ಎಡ ಮುಂಗೈಯ ಕಲೆ ಅದರದೇ.

ಆದರೆ ನನಗೆ ಅನುಮಾನ ಬಂದದ್ದು ನಿಮ್ಮ ಬೇರೊಂದು ಮಾತಿನ ಮೇಲೆ. ಕತಗಾಲದವರೆಗೆ ಮುಳ್ಳು ಕಾಲು ಭಾಗವನ್ನೂ ದಾಟುವುದಿಲ್ಲ ಎಂದಿರಿ. ಅಷ್ಟು ದೂರ ಓಡಿದ ಎಂಜಿನ್ ಅಷ್ಟು ತಣ್ಣಗಿರಬಾರದು. ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾದ ಮೇಲಷ್ಟೇ ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ, ಇದೆಯೇ ಎಂದು ಬಿಚ್ಚಿಸಿ ನೋಡಿ.

ಕಾಳಿ ದಂಡೆ, ಕಾರವಾರ:

ಕಾರು ಸಮುದ್ರದ ಪಕ್ಕ ನಿಲ್ಲುತ್ತಿತ್ತೇ? ನಮ್ಮಲ್ಲಿ ಉಪ್ಪು ಗಾಳಿಗೆ ರೇಡಿಯೇಟರಿನ ಫಿನ್ನುಗಳು, ಅಂದರೆ ಶಾಖ ಹೊರಬಿಡುವ ತೆಳು ತಗಡುಗಳು, ಹಪ್ಪಳವಾಗುತ್ತವೆ. ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಎಸಿ ಹಾಕಿ ಫ್ಯಾನ್ ತಿರುಗುತ್ತದೆಯೋ ಎಂದೂ ನೋಡಿಕೊಳ್ಳಿ.

ಇನ್ನೊಂದು. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಹಾಕಬೇಕು, ನಿಮಗೆ ಮೂರು ವಾರವಾಗಿದೆ. ಕಾರನ್ನು ನಿಮ್ಮ ಹೆಸರಿಗೆ ವರ್ಗಾಯಿಸಲು ಆರ್‌ಟಿಒಗೆ ಫಾರ್ಮ್ 29, 30 ಕೊಟ್ಟಾಯಿತೇ? ಕೆಎ 30 ನಂಬರು ಶಿರಸಿಗೆ ಬಂದರೂ ಬದಲಾಗುವುದಿಲ್ಲ, ಹೆಸರು ಮಾತ್ರ ಬದಲಾಗಬೇಕು.

ಘಟ್ಟದ ಮೇಲಿನವ, ಶಿರಸಿ:

ಹೋಸ್ ಗಟ್ಟಿಯಾಗಲಿಲ್ಲ. ಡಿಪ್‌ಸ್ಟಿಕ್ ಆಯಿಲ್ ಕಪ್ಪಗೇ ಇದೆ, ಇಳಿದೂ ಇಲ್ಲ. ಫ್ಯಾನ್ ತಿರುಗುತ್ತದೆ. ಫಿನ್ ಒತ್ತಿದರೆ ಬೂದಿಯಂತೆ ಉದುರಿ ಉಗುರಿನೊಳಗೆ ಸೇರಿತು. ಎಂಜಿನ್ ತಂಪಾಗಿಡುವ ಕೂಲೆಂಟ್ ಇರಬೇಕಾದ ಕಡೆ ಕೆಂಪು ನೀರು, ನಮ್ಮೂರ ಹೊಳೆಗೆ ಮೊದಲ ಮಳೆ ಬಂದಾಗಿನ ಬಣ್ಣ.

ನೀವು ಹೇಳಿದ್ದೇ ಸರಿ, ಥರ್ಮೋಸ್ಟಾಟ್ ಇಲ್ಲವೇ ಇಲ್ಲ! ಖಾಲಿ ಡಬ್ಬಿಗೆ ಮುಚ್ಚಳ ಹಾಕಿ ಬೋಲ್ಟ್ ಬಿಗಿದಿದ್ದಾರೆ. ವಿಮೆ, ವರ್ಗಾವಣೆಯ ಕೆಲಸಕ್ಕೆ ನಾಳೆಯೇ ಹೋಗುತ್ತೇನೆ, ಮರೆತೇಬಿಟ್ಟಿದ್ದೆ.

ಹಳೆ ಸ್ಪಾನರ್, ಕುಮಟಾ:

ಇದು ನಮ್ಮ ಕಡೆಯ ಹಳೆಯ ಉಪಾಯ. ಕಾರು ಬಿಸಿಯಾಯಿತೆಂದರೆ ಥರ್ಮೋಸ್ಟಾಟ್ ಕಿತ್ತು ಬಾವಿ ನೀರು ತುಂಬುವುದು. ಸಪಾಟು ರಸ್ತೆಯಲ್ಲಿ ಮುಳ್ಳು ಕೆಳಗೇ ಇರುತ್ತದೆ, ಕೊಳ್ಳುವವರಿಗೆ ಸಮಾಧಾನ. ಒಳಗೆ ಆಗುವುದೇನೆಂದರೆ, ಎಂಜಿನ್ನಿನಲ್ಲೇ ಸುತ್ತುವ ಒಳದಾರಿಯನ್ನು ಬಿಸಿಯಾದಾಗ ಮುಚ್ಚುವುದೂ ಅನೇಕ ಎಂಜಿನ್ನುಗಳಲ್ಲಿ ಇದೇ ಥರ್ಮೋಸ್ಟಾಟ್. ಅದಿಲ್ಲದಿದ್ದರೆ ಒಂದಷ್ಟು ನೀರು ರೇಡಿಯೇಟರಿಗೆ ಹೋಗದೆ ಅಲ್ಲಲ್ಲೇ ಸುತ್ತುತ್ತದೆ. ಜೊತೆಗೆ ತುಕ್ಕು ಹಿಡಿದು ಕಟ್ಟಿದ ರೇಡಿಯೇಟರ್. ಘಟ್ಟದಲ್ಲಿ ಕುದಿಯದೆ ಇನ್ನೇನು?

ರೇಡಿಯೇಟರ್ ಹೊಸದೇ ಹಾಕಿಸಿ, ರಿಪೇರಿ ಬೇಡ. ಕೆಂಪು ನೀರು ಹೋಗಿ ತಿಳಿಯಾಗುವವರೆಗೆ ತೊಳೆಸಿ. ಕೂಲೆಂಟಿಗೆ ಬ್ಯಾಟರಿ ನೀರು, ಅಂದರೆ ಡಿಸ್ಟಿಲ್ಡ್ ವಾಟರ್, ಸಮ ಪಾಲು. ಬಾಟಲಿಯ ಮೇಲೆ ಬೆರೆಸಿದ್ದೇ ಎಂದಿದ್ದರೆ ಹಾಗೆಯೇ ಹಾಕಿ. ತುಂಬಿದ ಮೇಲೆ ಒಳಗಿನ ಗಾಳಿ ತೆಗೆಯುವುದನ್ನು ಮರೆಯದಂತೆ ಎದುರಿಗೇ ನಿಂತುಕೊಳ್ಳಿ. ಕೆಲವು ಹುಡುಗರು ಅದನ್ನು ಬಿಟ್ಟು ಚಹಾಕ್ಕೆ ಹೋಗುತ್ತಾರೆ.

ಘಟ್ಟದ ಮೇಲಿನವ, ಶಿರಸಿ:

ರೇಡಿಯೇಟರ್ 5,200, ಥರ್ಮೋಸ್ಟಾಟ್ 1,150, ತೊಳೆಯುವುದು ಮತ್ತು ಕೂಲೆಂಟ್ 1,900, ಕೂಲಿ 1,800. ಒಟ್ಟು 10,050 ರೂಪಾಯಿ. ಮಾರಿದವರಿಗೆ ಫೋನ್ ಮಾಡಿದೆ. "ನಮ್ಮಲ್ಲಿದ್ದಾಗ ಬಿಸಿಯಾಗಲೇ ಇಲ್ಲ" ಎಂದರು. ಅವರು ಘಟ್ಟ ಹತ್ತಿಸಿದ್ದು ಯಾವಾಗ ಎಂದು ಕೇಳಿದೆ, ಕರೆ ಕಟ್ಟಾಯಿತು.

ನಿನ್ನೆ ನಾಲ್ಕು ಜನ ಕೂತು, ಎಸಿ ಹಾಕಿಕೊಂಡೇ ಕುಮಟಾದಿಂದ ಹತ್ತಿದೆವು. ಮುಳ್ಳು ಮಧ್ಯಕ್ಕೆ ಬಂದು ಅಲ್ಲೇ ನಿಂತಿತು, ದೇವಿಮನೆ ದಾಟಿ ಬಂಡಲಕ್ಕೆ ಬಂದರೂ ಕದಲಲಿಲ್ಲ. ಆದರೆ ಬೆಳಿಗ್ಗೆ ನೋಡಿದರೆ ವಾಟರ್ ಪಂಪಿನ ಕೆಳಗೆ ಎಂಟಾಣೆ ಅಗಲದ ಒಂದು ಹಸಿರು ಹನಿ ಬಿದ್ದಿತ್ತು.

ಹಳೆ ಸ್ಪಾನರ್, ಕುಮಟಾ:

ತುಕ್ಕೇ ಇಷ್ಟು ದಿನ ಪಂಪಿನ ಸೀಲನ್ನು ಮುಚ್ಚಿಕೊಂಡಿತ್ತು, ತೊಳೆದಾಗ ಹೋಯಿತು. ದಿನಾ ಬೆಳಿಗ್ಗೆ ನೀರಿನ ಮಟ್ಟ ನೋಡಿ. ವಾರದಲ್ಲಿ ಬೆರಳಗಲ ಇಳಿದರೆ ಪಂಪ್ ಬದಲಿಸಿ, ಅಲ್ಲಿಯವರೆಗೆ ಡಿಕ್ಕಿಯಲ್ಲಿ ಒಂದು ಲೀಟರ್ ಬೆರೆಸಿದ ಕೂಲೆಂಟ್ ಇರಲಿ. ಬಾವಿ ನೀರಲ್ಲ.