ಹಳೇ ಐಪಾಡ್ ರಿಪೇರಿ ಮಾಡಿಸಲಾ, ಹೊಸ ಪ್ಲೇಯರ್ ತಗೊಳ್ಳಲಾ? ಅನುಭವ ಇರುವವರು ಹೇಳಿ

ಬೆಳಗಿನ ವಾಕ್, ಹುಬ್ಬಳ್ಳಿ:
ನಮಸ್ಕಾರ. ಮನೆ ಬದಲಿಸುವಾಗ ಟ್ರಂಕಿನ ತಳದಲ್ಲಿ ನನ್ನ ಐಪಾಡ್ ಸಿಕ್ಕಿತು. 2006ರ ಕೊನೆಯಲ್ಲಿ ತಗೊಂಡದ್ದು, 30 ಜಿಬಿ. ಹತ್ತು ಹನ್ನೆರಡು ವರ್ಷದಿಂದ ಮುಟ್ಟಿಲ್ಲ, ಚಾರ್ಜಿಗೆ ಹಾಕಿದರೆ ಜೀವ ಬರುತ್ತಿಲ್ಲ. ಬೆಳಿಗ್ಗೆ ಉಣಕಲ್ ಕೆರೆ ಹತ್ತಿರ 40 ನಿಮಿಷ ನಡೆಯುತ್ತೇನೆ. ಆಗ ಜೇಬಿನಲ್ಲಿ ಫೋನ್ ಬೇಡ. ಆಫೀಸ್ ಗ್ರೂಪಿನ ಮೆಸೇಜ್ ನೋಡಿ ನೋಡಿ ಸಾಕಾಗಿದೆ. ಕೇಳುವುದು ದಾಸರ ಪದ, ಹಿಂದೂಸ್ತಾನಿ. ವೈರ್ ಇಯರ್‌ಫೋನ್ ಇದೆ. ಬಜೆಟ್ ಆರು ಸಾವಿರ. ಏನು ಮಾಡಲಿ?

ಕ್ಲಿಕ್ ವೀಲ್, ದಾವಣಗೆರೆ:
ರಿಪೇರಿ ಮಾಡಿಸಿ ಸಾರ್, ಕಣ್ಣು ಮುಚ್ಚಿಕೊಂಡು ಮಾಡಿಸಿ. ನನ್ನದೂ ಅದೇ 30 ಜಿಬಿ. ಅಮೆರಿಕದಿಂದ ಬರುವ ಚಿಕ್ಕಪ್ಪನ ಕೈಯಲ್ಲಿ 249 ಡಾಲರ್ ಕೊಟ್ಟು ತರಿಸಿದ್ದೆ. ಅದರೊಳಗೆ ಇರುವುದು ತಿರುಗುವ ಹಾರ್ಡ್ ಡಿಸ್ಕ್. ಅದನ್ನು ವರ್ಷಗಟ್ಟಲೆ ಸ್ಕೂಟರ್ ಡಿಕ್ಕಿಯಲ್ಲಿ ಹಾಕಿಕೊಂಡು ಓಡಾಡಿದೆ, ತಪ್ಪು ನನ್ನದೇ. ಲಾಕ್‌ಡೌನ್ ಹೊತ್ತಿಗೆ ಹೋಯಿತು.

ಈಗ ಲೆಕ್ಕ ಕೇಳಿ. ಮೊದಲ ಬ್ಯಾಟರಿ 650 ರೂಪಾಯಿ. ಮೂರೇ ವಾರಕ್ಕೆ ಹಪ್ಪಳದ ಹಾಗೆ ಉಬ್ಬಿತು. ಮಾರಿದವನು ಫೋನ್ ಎತ್ತಲಿಲ್ಲ. ಎರಡನೇ ಬ್ಯಾಟರಿ 1,150. ಡಿಸ್ಕ್ ತೆಗೆದು ಆ ಜಾಗಕ್ಕೆ ಎಸ್‌ಡಿ ಕಾರ್ಡ್ ಕೂರಿಸುವ ಅಡಾಪ್ಟರ್ ಬೋರ್ಡ್ ಹೊರದೇಶದಿಂದ, 3,900. ಅದರ ಮೇಲೆ ಕಸ್ಟಮ್ಸ್ 1,140. 256 ಜಿಬಿ ಕಾರ್ಡ್ 1,900. ಬಿಚ್ಚುವಾಗ ಹಿಂದಿನ ಸ್ಟೀಲ್ ಕವರ್ ಸೊಟ್ಟಗಾಯಿತು, ಹೊಸದು 900. ಆಮೇಲೆ ರಿಬ್ಬನ್ ಕನೆಕ್ಟರ್ ಮುರಿದುಕೊಂಡೆ. ಊರಲ್ಲಿ ಯಾರೂ ಮುಟ್ಟಲಿಲ್ಲ. ಬೆಂಗಳೂರಿಗೆ ಹೋಗಿ ಎಸ್‌ಪಿ ರೋಡಿನಲ್ಲಿ ನಾಲ್ಕು ಅಂಗಡಿ ಹತ್ತಿ ಇಳಿದ ಮೇಲೆ ಐದನೆಯವನು 800 ತಗೊಂಡು ಬೆಸುಗೆ ಹಾಕಿಕೊಟ್ಟ. ಬಸ್ ಚಾರ್ಜ್ ಹೋಗಿ ಬರಲು 1,040. ಒಟ್ಟು 11,480. ತಿಂಡಿ ಸೇರಿಸಿಲ್ಲ. ಮನೆಯಲ್ಲಿ ಹೇಳಿರುವುದು ನಾಲ್ಕು ಸಾವಿರ ಅಂತ.

ಆದರೆ ಈಗ ಹೇಗಿದೆ ಗೊತ್ತಾ? ಆ್ಯಪಲ್ಲಿನ ಸಾಫ್ಟ್‌ವೇರ್ ಬದಲು ರಾಕ್‌ಬಾಕ್ಸ್ ಅನ್ನುವ ಬೇರೆ ಸಾಫ್ಟ್‌ವೇರ್ ಹಾಕಿದ್ದೇನೆ, ಹಾಡು ತುಂಬಿಸಲು ಐಟ್ಯೂನ್ಸ್ ಗೋಳೇ ಇಲ್ಲ. ಫೋಲ್ಡರ್ ಎಳೆದು ಹಾಕಿದರೆ ಆಯಿತು. ಬಸ್ಸಿನಲ್ಲಿ ಜೇಬೊಳಗೆ ಕೈ ಹಾಕಿ, ನೋಡದೇ ಹಾಡು ಬದಲಿಸುತ್ತೇನೆ. ಯಾವ ಟಚ್ ಸ್ಕ್ರೀನಿನಲ್ಲಿ ಆಗುತ್ತದೆ ಅದು?

ಮಳೆಗಾಲ, ತೀರ್ಥಹಳ್ಳಿ:
ಐಪಾಡ್ ಹಳೇದು ಅಂತೀರಲ್ಲ, ನಗು ಬಂತು. 2001ರಲ್ಲಿ ಬಂದದ್ದು, ನಮ್ಮ ಮನೆಯ ಮಿಕ್ಸಿ ಅದಕ್ಕಿಂತ ಹಳೇದು. ಸೋನಿ ಮೊದಲ ವಾಕ್‌ಮನ್ ಬಿಟ್ಟದ್ದು 1979ರ ಜುಲೈನಲ್ಲಿ. ಅದರಲ್ಲಿ ಹೆಡ್‌ಫೋನಿಗೆ ಎರಡು ತೂತು ಇತ್ತು, ಇಬ್ಬರು ಕೂತು ಕೇಳಲಿ ಅಂತ. ಈಗಿನವರು ಇರುವ ಒಂದು ತೂತನ್ನೂ ಮುಚ್ಚಿಬಿಟ್ಟರು.

ನನ್ನ ಹತ್ತಿರ 240 ಕ್ಯಾಸೆಟ್ ಇದ್ದವು. ಇದ್ದವು ಅಂತ ಯಾಕೆ ಹೇಳಿದೆ ಅಂದರೆ, ಮಲೆನಾಡಿನ ಮಳೆ ಗೊತ್ತಲ್ಲ. ಮೂರು ತಿಂಗಳು ಬೀರು ತೆಗೆಯಲಿಲ್ಲ. ತೆಗೆದು ನೋಡಿದರೆ ಟೇಪಿನ ಅಂಚಿಗೆಲ್ಲ ಬಿಳಿ ಬೂಷ್ಟು. ಹಾಗೇ ಹಾಕಿ ನುಡಿಸಿದರೆ ಟೇಪು ಓದುವ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ನಾನು ಹಾಗೇ ಹಾಕಿದೆ, ಬುದ್ಧಿ ಇರಲಿಲ್ಲ. ಆಮೇಲೆ ಒಂದೊಂದೇ ಬಿಚ್ಚಿದೆ. ಸ್ಕ್ರೂ ಇರುವ ಕ್ಯಾಸೆಟ್ ಸುಲಭ, ಸುರುಳಿ ತೆಗೆದು ಬೇರೆ ಚಿಪ್ಪಿಗೆ ಹಾಕಬಹುದು. ಅಂಟಿಸಿದ ಚಿಪ್ಪಾದರೆ ಹ್ಯಾಕ್ಸಾ ಬ್ಲೇಡಿನಿಂದ ಸುತ್ತ ಕೊಯ್ಯಬೇಕು. ಒಂದೂವರೆ ತಿಂಗಳ ಕೆಲಸ. ಉಳಿದದ್ದು 171. ಹೋದವುಗಳಲ್ಲಿ ನಮ್ಮ ಅಜ್ಜಿ ಹೇಳಿದ ಹಸೆಮಣೆ ಹಾಡಿನ ಸಿ-60 (60 ನಿಮಿಷದ ಕ್ಯಾಸೆಟ್) ಒಂದು. ಅದರ ಇನ್ನೊಂದು ಪ್ರತಿ ಯಾರ ಹತ್ತಿರವೂ ಇಲ್ಲ.

ವಾಕ್‌ಮನ್ ಕಥೆ ಬೇರೆ. ಒಳಗಿನ ರಬ್ಬರ್ ಬೆಲ್ಟ್ ಕರಗಿ ಟಾರಿನ ಹಾಗಾಗಿತ್ತು. ಮುಟ್ಟಿದ ಕೈ ಎರಡು ದಿನ ಕಪ್ಪು. ಸ್ಪಿರಿಟ್ ಹಚ್ಚಿ ತಿಕ್ಕಿದೆ. ಹೊಸ ಬೆಲ್ಟ್ 120 ರೂಪಾಯಿ, ತರಿಸಲು ಕೊರಿಯರ್ 150. ಮೊದಲನೆಯದು ಸಡಿಲ. ಎರಡನೆಯದು ಬಿಗಿ, ಮೋಟಾರು ನರಳಿತು. ಮೂರನೆಯದು ಕೂತಿತು. ಈಗ ಚಕ್ರ ತಿರುಗುವುದು ಕಣ್ಣಿಗೆ ಕಾಣುತ್ತದೆ. ಹಾಡು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುತ್ತದೆ.

ಫ್ಲಾಕ್ ಭಕ್ತ, ಮೈಸೂರು:
ಬೂಷ್ಟು, ಟಾರು, ಬೆಸುಗೆ. ಇವೆಲ್ಲ ಹಾಡು ಕೇಳುವವರ ಮಾತಾ, ಗ್ಯಾರೇಜ್ ಇಟ್ಟವರ ಮಾತಾ?

ನಾನು ಹೇಳುವುದು ಇಷ್ಟೇ. ಸಿಡಿಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಮಾಹಿತಿ ಇರುತ್ತದೆ. ಎಂಪಿ3 ಜಾಸ್ತಿ ಅಂದರೆ 320. ಫ್ಲಾಕ್ ಫೈಲ್ ಆದರೆ ಏನನ್ನೂ ಕತ್ತರಿಸುವುದಿಲ್ಲ. ಹಿಂದೂಸ್ತಾನಿ ಕೇಳುವವರು ತಾನ್ಪುರದ ಗುಂಗನ್ನೇ ಕತ್ತರಿಸಿ ಹಾಕಿದ ಫೈಲ್ ಕೇಳಬಾರದು. ನಾನು 32,000 ಕೊಟ್ಟು ಆಂಡ್ರಾಯ್ಡ್ ಇರುವ ಒಳ್ಳೇ ಪ್ಲೇಯರ್ ತಗೊಂಡೆ. ಕಂಪನಿ ಹೆಸರು ಬೇಡ. ಒಂದು ವರ್ಷ ಎರಡು ತಿಂಗಳಿಗೆ ಬ್ಯಾಟರಿ ಬಿತ್ತು. ವಾರಂಟಿ ಒಂದು ವರ್ಷ. ಸರ್ವಿಸ್ ಸೆಂಟರಿನವರು ಬೋರ್ಡ್ ಸಮೇತ ಬದಲಿಸಬೇಕು, 14,500 ಅಂದರು. ಹೊರಗಡೆ ಒಬ್ಬರು 2,200ಕ್ಕೆ ಬ್ಯಾಟರಿ ಮಾತ್ರ ಹಾಕಿಕೊಟ್ಟರು, ಆದರೆ ಈಗ ವಾಲ್ಯೂಮ್ ಗುಂಡಿ ಒತ್ತಿದರೆ ಒಳಗೆ ಹೋಗಿ ಹಾಗೇ ಕೂರುತ್ತದೆ. ಕೇಸ್ 1,800. ಇಯರ್‌ಫೋನ್ 9,000, ಅದರ ವೈರ್ ಬೇರೆ 2,500. ಇಷ್ಟಾದರೂ ಧ್ವನಿ ಕೇಳಿದರೆ ಎಲ್ಲಾ ಮರೆಯುತ್ತೇನೆ.

ಕ್ಲಿಕ್ ವೀಲ್:
ಯಜಮಾನ್ರೇ, 32 ಸಾವಿರದ ಡಬ್ಬಿಗೆ ಗುಂಡಿ ಒಳಗೆ ಹೋಗಿದೆ, ನನ್ನ ಗ್ಯಾರೇಜಿಗೆ ನಗ್ತೀರಾ? ರಾಕ್‌ಬಾಕ್ಸಿನಲ್ಲಿ ಫ್ಲಾಕೂ ಓಡುತ್ತದೆ, ಗೊತ್ತಿರಲಿ. ನಿಮ್ಮ ಪ್ಲೇಯರಿನಲ್ಲಿ ಆಂಡ್ರಾಯ್ಡ್ ಇದೆ ಅಂದಿರಿ, ಅಂದರೆ ಮೆಸೇಜೂ ಬರುತ್ತದೆ. ಫೋನ್ ಬೇಡ ಅಂದವರಿಗೆ ಇನ್ನೊಂದು ಫೋನ್ ಕೊಡಿಸುತ್ತಿದ್ದೀರಿ.

ಫ್ಲಾಕ್ ಭಕ್ತ:
ವೈಫೈ ಆಫ್ ಮಾಡಲು ಬರುತ್ತದೆ ನನಗೆ.

ಮೆಮೊರಿ ಕಾರ್ಡ್, ರಾಣೆಬೆನ್ನೂರು:
ನಾನು 2008ರಿಂದ 2015ರವರೆಗೆ ಬಸ್ ಸ್ಟ್ಯಾಂಡ್ ಎದುರು ಮೊಬೈಲ್ ಅಂಗಡಿ ಇಟ್ಟಿದ್ದೆ. ಹಾಡು ತುಂಬಿಸುವುದೇ ಅರ್ಧ ವ್ಯಾಪಾರ. 2 ಜಿಬಿ ಕಾರ್ಡ್ ತುಂಬಾ ಹಾಕಲು 30 ರೂಪಾಯಿ, ಸಂತೆ ದಿನ 40. ರೈತರು ಬಂದು ಹಾಡಿನ ಹೆಸರು ಹೇಳುತ್ತಿರಲಿಲ್ಲ. ಒಂದು ಸಾಲು ಗುನುಗುತ್ತಿದ್ದರು, ಅದರ ಮೇಲೆ ಹುಡುಕಿ ಹಾಕುತ್ತಿದ್ದೆ. ಗೀಗೀ ಪದ, ಡೊಳ್ಳಿನ ಪದ, ಭಜನೆ, ಎಲ್ಲಾ ಬೇರೆ ಬೇರೆ ಫೋಲ್ಡರ್. ಫೋಲ್ಡರಿಗೆ ಕನ್ನಡದಲ್ಲಿ ಹೆಸರು ಕೊಟ್ಟರೆ ಫೋನಿನಲ್ಲಿ ಚೌಕ ಚೌಕ ಬರುತ್ತಿತ್ತು, ಅದಕ್ಕೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಕೊನೆಗೆ ನೆಟ್ ಪ್ಯಾಕ್ ಅಗ್ಗವಾಯಿತು, ನನ್ನ ಅಂಗಡಿ ಮುಚ್ಚಿತು. ಆ 500 ಜಿಬಿ ಡಿಸ್ಕ್ ಇನ್ನೂ ಮನೆಯಲ್ಲಿದೆ. ಸಾಲ 85,000 ತೀರಿಸಲು ಮೂರು ವರ್ಷ ಹಿಡಿಯಿತು.

ನನ್ನ ಮಾತು ಕೇಳಿ ಅಣ್ಣ. ಗುಂಡಿ ಇರುವ ಕೀಪ್ಯಾಡ್ ಫೋನ್ 1,800 ರೂಪಾಯಿ. ಸಿಮ್ ಹಾಕಬೇಡಿ. 32 ಜಿಬಿ ಕಾರ್ಡ್ ಹಾಕಿ. ಮೂರು ದಿನ ಚಾರ್ಜ್ ನಿಲ್ಲುತ್ತದೆ. ಕತ್ತಲಾದರೆ ಟಾರ್ಚೂ ಇದೆ.

ಮಳೆಗಾಲ:
ಅಂದರೆ ಏಳು ವರ್ಷ ಕದ್ದ ಹಾಡು ಮಾರಿದೆ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೀರಿ. ಕ್ಯಾಸೆಟ್ ಅಂಗಡಿಗಳು ಬಾಗಿಲು ಹಾಕಿದ್ದು ಯಾರಿಂದ?

ಮೆಮೊರಿ ಕಾರ್ಡ್:
ಸ್ವಾಮಿ, ನಿಮ್ಮ 171 ಕ್ಯಾಸೆಟ್ಟಿನಲ್ಲಿ ಅಂಗಡಿಗೆ ಹಾಡಿನ ಪಟ್ಟಿ ಕೊಟ್ಟು ತುಂಬಿಸಿಕೊಂಡ ಟಿಡಿಕೆ ಖಾಲಿ ಕ್ಯಾಸೆಟ್ ಎಷ್ಟಿವೆ? ಎದೆ ಮುಟ್ಟಿ ಹೇಳಿ. ಆಗ ಪಟ್ಟಿ ಬರೆದರೆ ಪ್ರೀತಿ, ನಾನು ಕಾಪಿ ಮಾಡಿದರೆ ಕಳ್ಳತನವಾ?

ಮಳೆಗಾಲ:
ಸುಮಾರು 40. ಅದು ಬೇರೆ ವಿಷಯ. ಒಂದು ಸಿ-90 ತುಂಬಿಸಲು ಅಂಗಡಿಯವನು ಒಂದೂವರೆ ಗಂಟೆ ಕೂರುತ್ತಿದ್ದ.

ಅಮ್ಮನ ಪೆಟ್ಟಿಗೆ, ಉಡುಪಿ:
ಜಗಳ ಆಮೇಲೆ ಆಡಿ. ನಾನು ಅಮ್ಮನಿಗೆ ಸಾರೆಗಮ ಕಾರವಾನ್ ಅನ್ನುವ ಹಾಡಿನ ಪೆಟ್ಟಿಗೆ ಕೊಡಿಸಿದೆ. ಹಾಡು ಮೊದಲೇ ತುಂಬಿಸಿ ಕೊಡುತ್ತಾರೆ, ಏನೂ ಡೌನ್‌ಲೋಡ್ ಮಾಡಬೇಕಿಲ್ಲ. ಅಮ್ಮನಿಗೆ 74 ವರ್ಷ. ಗುಂಡಿ ತಿರುಗಿಸುತ್ತಾರೆ, ಹಾಡು ಬರುತ್ತದೆ, ಮುಗಿಯಿತು. ಅದಕ್ಕೆ ಮೊದಲು ಅವರಿಗೆ ಟ್ಯಾಬ್ಲೆಟ್ ಕೊಡಿಸಿ 11,000 ಕಳೆದುಕೊಂಡೆ. ಈಗ ಅದು ಮೊಮ್ಮಗನ ಕೈಯಲ್ಲಿದೆ, ಗಾಜು ಒಡೆದಿದೆ. ಒಂದೇ ಬೇಜಾರು. ಬೇಕಾದ ಹಾಡನ್ನೇ ಹಾಕು ಅಂದರೆ ಆಗುವುದಿಲ್ಲ, ಬಂದದ್ದು ಕೇಳಬೇಕು. ಅಮ್ಮನಿಗೆ ಅದೇ ಇಷ್ಟ. ಮುಂದೆ ಏನು ಬರುತ್ತದೋ ನೋಡೋಣ ಅಂತ ಅಡಿಗೆ ಮನೆಯಲ್ಲಿ ಕಾಯುತ್ತಾರೆ, ರೇಡಿಯೋ ಕಾಲದ ಹಾಗೆ.

ಫ್ಲಾಕ್ ಭಕ್ತ:
ಮೇಡಂ, ಅದರಲ್ಲಿ ಎಡ ಬಲ ಬೇರೆ ಬೇರೆ ಕೇಳಿಸುತ್ತದಾ, ಇಲ್ಲ ಬರೀ ಮೋನೋನಾ?

ಅಮ್ಮನ ಪೆಟ್ಟಿಗೆ:
ಅಮ್ಮನಿಗೆ ಬಲಗಿವಿ ಕೇಳಿಸುವುದಿಲ್ಲ. ಅವರಿಗೆ ಜಗತ್ತೇ ಮೋನೋ.

ಜಂಕ್ ಡಬ್ಬಿ, ಒಸಾಕ:
ಹಾಸನದವನು, ಇಲ್ಲಿ ಒಂಬತ್ತು ವರ್ಷ. ಎಲ್ಲರೂ ಮಿನಿಡಿಸ್ಕ್ ಮರೆತೇಬಿಟ್ಟಿರಿ. ಸೋನಿ 1992ರಲ್ಲಿ ಬಿಟ್ಟದ್ದು. ಕ್ಯಾಸೆಟ್ಟಿನ ಹಾಗೆ ರೆಕಾರ್ಡ್ ಮಾಡಬಹುದು, ಸಿಡಿಯ ಹಾಗೆ ಹಾಡಿನಿಂದ ಹಾಡಿಗೆ ಜಿಗಿಯಬಹುದು, ಶರ್ಟಿನ ಜೇಬಿಗೆ ಹಿಡಿಯುತ್ತದೆ. ಇಲ್ಲಿ ಹಾರ್ಡ್ ಆಫ್ ಅಂತ ಸೆಕೆಂಡ್ ಹ್ಯಾಂಡ್ ಅಂಗಡಿಗಳಿವೆ. ಮೂಲೆಯಲ್ಲಿ ನೀಲಿ ಬುಟ್ಟಿಗಳಲ್ಲಿ ಜಂಕ್ ಮಾಲು ಸುರಿದಿರುತ್ತಾರೆ. ಕೆಟ್ಟಿದ್ದರೆ ವಾಪಸ್ ಇಲ್ಲ, ಅದೇ ಕರಾರು. ಮೊದಲ ವರ್ಷ 550 ಯೆನ್ನಿಗೆ ಒಂದು ತಂದೆ, ಓಡಲಿಲ್ಲ. ಅದರ ಬಿಡಿಭಾಗಕ್ಕೆ ಅಂತ ಇನ್ನೊಂದು, 1,100. ಅದೂ ಓಡಲಿಲ್ಲ. ಹೀಗೆ 14 ಆದವು. ಓಡುವುದು ಮೂರು. ಚ್ಯೂಯಿಂಗ್ ಗಮ್ ಆಕಾರದ ಬ್ಯಾಟರಿ ಬೇಕು, ಅದು ಹಳೇದು ಸಿಕ್ಕರೆ ಸೋರಿರುತ್ತದೆ. ಒಟ್ಟು ಖರ್ಚು 41,000 ಯೆನ್ ದಾಟಿದ ಮೇಲೆ ಬರೆದಿಡುವುದು ನಿಲ್ಲಿಸಿದೆ. 2025ರ ಫೆಬ್ರವರಿಯಲ್ಲಿ ಸೋನಿ ಖಾಲಿ ಮಿನಿಡಿಸ್ಕ್ ತಯಾರಿಸುವುದನ್ನೂ ನಿಲ್ಲಿಸಿತು. ಸುದ್ದಿ ಕೇಳಿದ ದಿನವೇ ಹೋಗಿ 50 ತಂದಿಟ್ಟೆ.

ಫ್ಲಾಕ್ ಭಕ್ತ:
ಮಿನಿಡಿಸ್ಕ್ ಅಂದರೆ ಅಟ್ರಾಕ್, ಸೋನಿಯವರು ಹಾಡನ್ನು ಕುಗ್ಗಿಸುವ ವಿಧಾನ. ಅದೂ ಕತ್ತರಿಸಿದ ಧ್ವನಿಯೇ. 74 ನಿಮಿಷದ ಡಿಸ್ಕ್ ತುಂಬಿಸಲು 74 ನಿಮಿಷ ಕಾಯಬೇಕು.

ಜಂಕ್ ಡಬ್ಬಿ:
ಕಾಯುತ್ತಾ ಹಾಡು ಕೇಳುತ್ತೇನೆ ಸಾರ್. ನೀವು ಫೈಲ್ ಕಾಪಿ ಆಗುವ ಶೇಕಡ ಪಟ್ಟಿ ನೋಡುತ್ತಾ ಕೂರಿ.

ಬೆಳಗಿನ ವಾಕ್:
ಎಲ್ಲರಿಗೂ ಧನ್ಯವಾದ. ಆದರೆ ಆರು ಸಾವಿರದಲ್ಲಿ ಹೊಸದು ಯಾವುದು ಚೆನ್ನಾಗಿದೆ ಅಂತ ಯಾರೂ ಹೇಳಲಿಲ್ಲ. ಬರೀ ಬ್ಯಾಟರಿ ಹಾಕಿಸಿದರೆ ಸಾಕಾಗಬಹುದಾ?

ಮೆಮೊರಿ ಕಾರ್ಡ್:
ಬ್ಯಾಟರಿ ಅಂದಾಗ ನೆನಪಾಯಿತು. ವಾಕ್‌ಮನ್ ಕಾಲದಲ್ಲಿ ಪೆನ್ಸಿಲ್ ಸೆಲ್ ವೀಕ್ ಆದರೆ ಹಂಚಿನ ಮೇಲೆ ಬಿಸಿಲಿಗೆ ಇಡುತ್ತಿದ್ದೆವು. ಇನ್ನೂ ಎರಡು ಹಾಡು ಕೇಳಬಹುದಿತ್ತು.

ಕ್ಲಿಕ್ ವೀಲ್:
ಅದೆಲ್ಲ ಮೂಢನಂಬಿಕೆ.

ಮಳೆಗಾಲ:
ಮೂಢನಂಬಿಕೆ ಅಲ್ಲ. ಬಿಸಿಯಾದರೆ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ, ಸುಮ್ನೆ ಇಟ್ಟರೂ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಆದರೆ ಸೋರುವ ಅಪಾಯವೂ ಇದೆ. ನನ್ನ ಮೊದಲ ವಾಕ್‌ಮನ್ನಿನ ಸ್ಪ್ರಿಂಗ್ ಹಸಿರು ಹಿಡಿದದ್ದು ಅದರಿಂದಲೇ. ನಾವು ಸೆಲ್ ಉಳಿಸಲು ರಿವೈಂಡ್ ಗುಂಡಿಯನ್ನೇ ಒತ್ತುತ್ತಿರಲಿಲ್ಲ. ಕ್ಯಾಸೆಟ್ಟಿನ ತೂತಿಗೆ ಪೆನ್ನು ತೂರಿಸಿ ಗಿರಗಿರ ತಿರುಗಿಸುವುದು.

ಜಂಕ್ ಡಬ್ಬಿ:
ಪೆನ್ನಲ್ಲ, ಪೆನ್ಸಿಲ್. ಆರು ಮೂಲೆ ಇರುವ ನಟರಾಜ್ ಪೆನ್ಸಿಲ್ ಸರಿಯಾಗಿ ಹಲ್ಲಿಗೆ ಕೂರುತ್ತಿತ್ತು.

ಮಳೆಗಾಲ:
ಪೆನ್ಸಿಲ್ ಜಾರುತ್ತದೆ. ರೆನಾಲ್ಡ್ಸ್ ಪೆನ್. ನಾನು ಮಾಡಿದವನು ಹೇಳುತ್ತಿದ್ದೇನೆ.

ಜಂಕ್ ಡಬ್ಬಿ:
ನಾನೇನು ಪೇಪರಿನಲ್ಲಿ ಓದಿದೆನಾ?

ಫ್ಲಾಕ್ ಭಕ್ತ:
ದೇವರೇ.

ಬೆಳಗಿನ ವಾಕ್:
ಸಣ್ಣ ಸುದ್ದಿ. ತಡೆಯಲಾರದೆ 1,150ರ ಬ್ಯಾಟರಿ ತರಿಸಿದ್ದೇನೆ. ಇವತ್ತು ರಾತ್ರಿ ಬಿಚ್ಚುತ್ತೇನೆ. ಅದರಲ್ಲಿ ಮಗಳು ಚಿಕ್ಕವಳಿದ್ದಾಗ ಇದ್ದ ಪ್ಲೇಲಿಸ್ಟ್ ಹಾಗೇ ಇರಬೇಕು, ಅದಕ್ಕೇ ಡಿಸ್ಕ್ ಸದ್ಯಕ್ಕೆ ಬದಲಿಸುವುದಿಲ್ಲ. ಕ್ಲಿಕ್ ವೀಲ್ ಅವರೇ, ನಿಮ್ಮದು ಮುರಿದದ್ದು ಯಾವ ಕನೆಕ್ಟರ್?

ಕ್ಲಿಕ್ ವೀಲ್:
ಬ್ಯಾಟರಿಯದ್ದೇ. ಮೊದಲು ಗುಂಡಿಗಳನ್ನು ಲಾಕ್ ಮಾಡುವ ಹೋಲ್ಡ್ ಸ್ವಿಚ್ ಹಾಕಿ. ಕವರ್ ಪೂರ್ತಿ ಅಗಲಿಸಬೇಡಿ, ಹಿಂದಿನ ಭಾಗಕ್ಕೆ ಹೆಡ್‌ಫೋನಿನ ರಿಬ್ಬನ್ ಕೂಡ ಅಂಟಿಕೊಂಡಿರುತ್ತದೆ. ಬ್ಯಾಟರಿಯ ಪಟ್ಟಿ ಹಿಡಿದಿರುವ ಚಿಕ್ಕ ಲಾಚ್ ಇದೆ, ಅಕ್ಕಿ ಕಾಳಿನಷ್ಟು. ಅದನ್ನು ಉಗುರಿನಿಂದ ಮೇಲಕ್ಕೆ ಎತ್ತಬೇಕು. ಎಳೆಯಬಾರದು. ನಾನು ಎಳೆದೆ.