ಸಹಾಯ ಬೇಕು: ಮಗಳಿಗೆ 'ಪಾಪ್ಯುಲರ್' ಆಗಬೇಕಂತೆ, ಏನು ಹೇಳಲಿ?

ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು. "ನಾನು ಯಾರ ಲೆಕ್ಕಕ್ಕೂ ಇಲ್ಲಮ್ಮ" ಅಂತ ಅಳ್ತಾಳೆ. ಕ್ಲಾಸಲ್ಲಿ ಒಂದು ಗುಂಪಿದೆ. ಅವರು ನಕ್ಕರೆ ಎಲ್ಲರೂ ನಗಬೇಕು, ಅವರು ದೂರ ಇಟ್ಟವರನ್ನು ಎಲ್ಲರೂ ದೂರ ಇಡಬೇಕು. ಅದಕ್ಕೆ ಸೇರೋಕೆ ಇವಳು ತನ್ನ ಹಳೇ ಗೆಳತಿಯ ಜೊತೆ ಮಾತೇ ಬಿಟ್ಟಿದ್ದಾಳೆ. ನನಗೆ ಹೆಚ್ಚು ಸಂಕಟ ಆಗಿರೋದು ಇದಕ್ಕೇ.

ಮನಶ್ಶಾಸ್ತ್ರಜ್ಞರು 'ಪಾಪ್ಯುಲರ್' ಆಗೋದರಲ್ಲಿ ಎರಡು ಬಗೆ ಗುರುತಿಸ್ತಾರೆ: ಜೊತೆಯವರಿಗೆ ಇಷ್ಟವಾಗೋದು ಬೇರೆ, ಅವರ ಕಣ್ಣಿಗೆ ದೊಡ್ಡವರಾಗಿ ಕಾಣೋದು ಬೇರೆ. ಕೋಯಿ, ಡಾಡ್ಜ್ ಮತ್ತಿತರರ 1982ರ ಅಧ್ಯಯನದಲ್ಲಿ ಕೆಲವು ಮಕ್ಕಳನ್ನು ಜೊತೆಯ ಮಕ್ಕಳಲ್ಲಿ 'ತುಂಬಾ ಇಷ್ಟ' ಅಂದವರೂ ಬಹಳ, 'ಇಷ್ಟವೇ ಇಲ್ಲ' ಅಂದವರೂ ಬಹಳ. ಇದನ್ನು ಹೇಳಿದರೆ, "ಬರೀ ಇಷ್ಟವಾದರೆ ಯಾರು ಕಾಣ್ತಾರೆ?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಶಿಕ್ಷಕರು, ಈ ವಯಸ್ಸಿನ ಮಕ್ಕಳ ಅಪ್ಪ ಅಮ್ಮಂದಿರು ದಯವಿಟ್ಟು ತಿಳಿಸಿ. ಕ್ಲಾಸ್ ಟೀಚರ್ ಹತ್ತಿರ ಮಾತಾಡಲೇ, ಅಥವಾ ಅದರಿಂದ ಅವಳಿಗೆ ಇನ್ನೂ ಕಷ್ಟವಾಗುತ್ತಾ? ಆ ಗೆಳತಿಯನ್ನು ನಾನೇ ಮನೆಗೆ ಕರೆಯಬಹುದಾ?